ಗಂಗಾಮಣಿ ಬೀಗದ ಕೈ ಕೇಳಿದ್ದು

ಸಕಲೇಶಪುರದಲ್ಲಿ ಹೊಳೆಯ ಆಚೆ ದಡಕ್ಕೆ, ಗುಡ್ಡದ ಮೈಗೆ ಅಂಟಿಕೊಂಡ ಹಾಗೆ ಒಂದು ಬಡಾವಣೆ ಇದೆ. ಪುರಸಭೆಯ ಪುಸ್ತಕದಲ್ಲಿ ಅದಕ್ಕೆ ಯಾರೋ ದೊಡ್ಡವರ ಹೆಸರು. ಜನರ ಬಾಯಲ್ಲಿ ಅದು ಮೆಟ್ಟಿಲುಕೇರಿ. ಅಲ್ಲಿ ರಸ್ತೆ ಅನ್ನುವುದೇ ಇಲ್ಲ. ಕೆಳಗಿನ ಟಾರು ರಸ್ತೆಯಿಂದ ಮೇಲಿನ ಕೊನೇ ಮನೆಯವರೆಗೆ ನೂರ ಹನ್ನೆರಡು ಮೆಟ್ಟಿಲು. ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ ಹತ್ತಬೇಕು, ಹೆಣ ಹೆಗಲ ಮೇಲೆ ಇಳಿಯಬೇಕು. ಆ ನೂರ ಹನ್ನೆರಡನ್ನೂ ದಿನಕ್ಕೆ ಎರಡು ಮೂರು ಸಲ ಹತ್ತಿ ಇಳಿಯುವವಳು ಇಡೀ ಕೇರಿಗೆ ಒಬ್ಬಳೇ, ಆಶಾ ಕಾರ್ಯಕರ್ತೆ ಗಂಗಾಮಣಿ.

ನಲವತ್ತನಾಲ್ಕು ವರ್ಷದ ಹೆಂಗಸು. ಸಣ್ಣ ಆಳು, ದೊಡ್ಡ ಗಂಟಲು. ಮೇಲಿನ ಮೆಟ್ಟಿಲ ಮೇಲೆ ನಿಂತು "ಯಾರ್ಯಾರು ಬಿ.ಪಿ. ಮಾತ್ರೆ ನುಂಗಿಲ್ಲ?" ಅಂತ ಕೂಗಿದರೆ ಕೆಳಗಿನ ಟೀ ಅಂಗಡಿಯಲ್ಲಿ ಕೂತ ಗಂಡಸರು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಹುಟ್ಟಿದ್ದು ಹಾನುಬಾಳಿನ ಕಡೆ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಹತ್ತನೇ ಕ್ಲಾಸು ಮುಗಿಸಿದ ಮರುವಾರವೇ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಹಣ್ಣು ಕುಯ್ಯಲು ಇಳಿದವಳು. ಹನ್ನೊಂದು ವರ್ಷ ಅದೇ ಕೆಲಸ. ಮದುವೆಯಾಗಿ ಮೆಟ್ಟಿಲುಕೇರಿಗೆ ಬಂದ ಮೇಲೆ ಆಶಾ ಕೆಲಸಕ್ಕೆ ಅರ್ಜಿ ಹಾಕಿದಳು. ಆಯ್ಕೆಯ ದಿನ ಒಬ್ಬ ಮುಖಂಡರು ಮೀಸೆಯಲ್ಲೇ ನಕ್ಕು, "ಕಾಫಿ ಕುಯ್ದವಳು ಔಷಧಿ ಹೆಸರು ಓದ್ತಾಳೇನಮ್ಮ?" ಅಂದರಂತೆ. ಗಂಗಾಮಣಿ ಎದ್ದು ಹೋಗಿ ಅವರ ಅಂಗಿ ಜೇಬಿನಿಂದ ಇಣುಕುತ್ತಿದ್ದ ಮಾತ್ರೆ ಹಾಳೆಯನ್ನೇ ಎಳೆದು, ಹೆಸರು ಓದಿ, ಹಿಂದೆ ತಿರುಗಿಸಿ, "ಇದರ ಡೇಟು ಹೋದ ತಿಂಗಳೇ ಮುಗಿದೈತೆ ಸ್ವಾಮಿ. ನೀವಿನ್ನೂ ನುಂಗ್ತಾ ಇದ್ದೀರಲ್ಲ?" ಅಂದಳು. ಕೆಲಸ ಸಿಕ್ಕಿತು. ಮುಖಂಡರು ಮಾತ್ರ ಇವತ್ತಿಗೂ ಇವಳನ್ನು ಕಂಡರೆ ಜೇಬಿನ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

ಹದಿನೈದು ವರ್ಷ ಬಸುರಿ, ಬಾಣಂತಿ, ಚುಚ್ಚುಮದ್ದು ಅಂತ ಓಡಾಡಿದ ಮೇಲೆ ಅವಳಿಗೆ ಹೊಸದೊಂದು ಕೆಲಸ ಬಂತು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಚೈತ್ರಶ್ರೀ ಅವಳನ್ನು ಕರೆದು, ಬಚ್ಚಲಲ್ಲಿ ಇಡುವ ಮಣೆಯ ಹಾಗಿದ್ದ ಒಂದು ತೂಕದ ಯಂತ್ರವನ್ನೂ ಉದ್ದ ಪುಸ್ತಕವನ್ನೂ ಕೈಗಿಟ್ಟರು.

"ನಿಮ್ಮ ಕೇರೀಲಿ ಹೃದಯ ಸೋತವರು ಆರು ಜನ ಇದ್ದಾರೆ ಗಂಗಾಮಣಿ. ಹೃದಯ ನಿಂತಿಲ್ಲ, ಸೋತಿದೆ ಅಷ್ಟೆ. ರಕ್ತಾನ ಸರಿಯಾಗಿ ತಳ್ಳಲ್ಲ. ಆಗ ನೀರು ಮೈಯಲ್ಲೇ ಉಳ್ಕೊಳ್ಳುತ್ತೆ. ಮೊದಲು ಕಾಲು ಊದುತ್ತೆ, ಆಮೇಲೆ ಹೊಟ್ಟೆ, ಕೊನೇಗೆ ಶ್ವಾಸಕೋಶ. ಮೈ ನೀರನ್ನ ಹೊರಗೆ ಹಾಕಕ್ಕೆ ದಿನಾ ಬೆಳಿಗ್ಗೆ ಒಂದು ಮಾತ್ರೆ. ಜೊತೆಗೆ ದಿನಾ ತೂಕ. ಒಂದೇ ವಾರದಲ್ಲಿ ಎರಡು ಕೇಜಿ ಏರಿದರೆ ನನಗೆ ಫೋನ್ ಮಾಡಿ."

ಆ ಆರು ಜನರಲ್ಲಿ ಐವತ್ತೆಂಟನೇ ಮೆಟ್ಟಿಲ ಮನೆಯ ಲಿಂಗಮ್ಮನೂ ಒಬ್ಬಳು. ಐವತ್ತೈದರ ಹತ್ತಿರದ ವಯಸ್ಸು. ಮಗ ಲಾರಿ ಹತ್ತಿ ಶಿರಾಡಿ ಘಾಟಿ ಇಳಿದರೆ ವಾರಕ್ಕೊಮ್ಮೆ ಮುಖ ತೋರಿಸುವವನು, ಸೊಸೆ ಹಸಿ ಬಾಣಂತಿ. ಲಿಂಗಮ್ಮ ದಿನಾ ಬೆಳಿಗ್ಗೆ ಕೇರಿಯ ಹೆಂಗಸರ ಜೊತೆ ಜೀಪಿನಲ್ಲಿ ವನಗೂರು ದಾರಿಯ ನೇರಳೆಗುಡ್ಡ ಎಸ್ಟೇಟಿಗೆ ಹೋಗುತ್ತಿದ್ದಳು. ಮಳೆಗಾಲದ ಕೊನೆಯಲ್ಲಿ ಉಸಿರು ಕಟ್ಟಿ ಹಾಸನದಲ್ಲಿ ಒಂಬತ್ತು ದಿನ ಮಲಗಿ ಬಂದಳು. ಗುಡ್ಡ ಹತ್ತಬೇಡ, ಕೂತು ಮಾಡುವ ಕೆಲಸ ಆದರೆ ಮಾಡು ಅಂತ ಡಾಕ್ಟರು ಹೇಳಿದ್ದರಿಂದ, ಈಗ ಕುಯ್ಲು ಬಿಟ್ಟು, ಕಾಫಿ ಒಣಹಾಕುವ ಕಣದಲ್ಲಿ ಕೂತು ಹಣ್ಣಿನ ರಾಶಿಯೊಳಗಿನ ಹಸಿರು ಕಾಯಿ ಆರಿಸುತ್ತಿದ್ದಳು.

ತೂಕದ ಯಂತ್ರ ಬಂದ ಮೊದಲ ವಾರದಲ್ಲೇ ಲಿಂಗಮ್ಮ ಅದರ ಮೇಲೆ ನಿಂತು ಹಲ್ಲು ಬಿಟ್ಟಳು.

"ನೋಡೇ ಗಂಗವ್ವ, ಒಂದೂವರೆ ಕೇಜಿ ಜಾಸ್ತಿ ಬಂದೈತೆ!"

ಪಕ್ಕದ ಮನೆ ನಾಗರತ್ನಮ್ಮ, ಅವಳೂ ಅದೇ ಎಸ್ಟೇಟಿನ ಕುಯ್ಲಿನವಳು, ಬಾಗಿಲಿಗೆ ಒರಗಿ ತಾಳ ಹಾಕಿದಳು. "ಮತ್ತೆ? ಆಸ್ಪತ್ರೆಯಿಂದ ಬಂದಾಗ ಒಣಗಿದ ಕಡ್ಡಿ ಇದ್ದಂಗಿದ್ಲು. ಈಗ ಮೈ ಕೈ ತುಂಬ್ಕೊಂಡು ಲಕ್ಷಣವಾಗ್ ಆಗೌಳೆ."

ಗಂಗಾಮಣಿ ಕುಕ್ಕರಗಾಲಲ್ಲಿ ಕೂತು ಲಿಂಗಮ್ಮನ ಕಣಕಾಲಿಗೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ನಿಂತಿತು.

"ಇದು ಮಾಂಸ ಅಲ್ಲ ಕಣಕ್ಕ, ನೀರು. ಗದ್ದೆ ಕೆಸರಲ್ಲಿ ಕಾಲಿಟ್ಟಂಗೆ ಗುಳಿ ಬಿದ್ದೈತೆ. ತೂಕ ಏರಬಾರದು."

"ನಲವತ್ತು ವರ್ಷ ತೂಕ ಜಾಸ್ತಿ ಬರ್ಲಿ ಅಂತ ಕೈ ಮುಗಿದವಳು ಕಣೇ ನಾನು," ಅಂದಳು ಲಿಂಗಮ್ಮ. "ಚೀಲದ ತೂಕ ಕಮ್ಮಿ ಬಂದ್ರೆ ಲೆಕ್ಕ ಬರೆಯೋ ರೈಟರ್ ಬೈತಿದ್ದ. ಈಗ ಮೈ ತೂಕ ಜಾಸ್ತಿ ಬಂದ್ರೆ ನೀನ್ ಬೈತೀಯ. ನಾನ್ ಎಲ್ಲಿಗ್ ಹೋಗ್ಲಿ?"

ನಕ್ಕರು. ಆದರೆ ಪುಸ್ತಕ ನಗಲಿಲ್ಲ. ಸೋಮವಾರ ನಲವತ್ತಾರು, ಶನಿವಾರ ನಲವತ್ತೆಂಟು. ಮುಂದಿನ ಸೋಮವಾರ ನಲವತ್ತಾರೂವರೆ, ಶನಿವಾರಕ್ಕೆ ಮತ್ತೆ ನಲವತ್ತೆಂಟೂವರೆ. ಭಾನುವಾರ ಇಳಿಯುತ್ತದೆ, ಕೆಲಸದ ದಿನ ಏರುತ್ತದೆ. ಪ್ರತಿ ವಾರ ಅರ್ಧ ಕೇಜಿ ಇಳಿಯದೆ ಒಳಗೇ ಉಳಿಯುತ್ತದೆ.

ಫೋನ್ ಮಾಡಿದರೆ ಡಾಕ್ಟರು, ಉಪ್ಪು ನೀರನ್ನ ಹಿಡಿದಿಡುತ್ತೆ, ಊಟ ನೋಡಿ, ಮಾತ್ರೆ ನೋಡಿ ಅಂದರು. ಉಪ್ಪೇ ಇರಬೇಕು ಅಂತ ಗಂಗಾಮಣಿ ಅವಳ ಬುತ್ತಿ ಬಿಚ್ಚಿ ಮೂಸಿ ನೋಡಿದಳು. ಒಣಮೀನಿನ ಪೊಟ್ಟಣ ನಾಗರತ್ನಮ್ಮನಿಗೆ ಕೊಟ್ಟಳು. ಉಪ್ಪಿನಕಾಯಿ ಜಾಡಿಯನ್ನೇ ಎತ್ತಿಕೊಂಡು ಹೋದಳು. "ಉಪ್ಪಿನಕಾಯಿ ಕಳ್ಳಿ!" ಅಂತ ಲಿಂಗಮ್ಮ ಐವತ್ತೆಂಟನೇ ಮೆಟ್ಟಿಲಿಂದ ಕೂಗಿದ್ದು ಟಾರು ರಸ್ತೆಗೆ ಕೇಳಿಸಿತು. ಆದರೂ ತೂಕ ಏರಿತು. ಮಾತ್ರೆ ಹಾಳೆ ನೋಡಿದರೆ ಲೆಕ್ಕ ಸರಿಯಾಗಿಯೇ ಖಾಲಿಯಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಜ್ವರದ ಸರ್ವೆ ಬಂತು, ಒಂದೇ ದಿನಕ್ಕೆ ಅರವತ್ತು ಮನೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕಿ ಬೆಲ್ಲದ ಕಾಫಿ ಲೋಟ ಮುಂದೆ ಹಿಡಿದಳು.

"ಬ್ಯಾಡ ಕಣಜ್ಜಿ. ಕುಡಿದ್ರೆ ಹೋಗಬೇಕಾಗುತ್ತೆ. ಇನ್ನೂ ಇಪ್ಪತ್ತು ಮನೆ ಐತೆ."

ಹೇಳಿದವಳು ಅಲ್ಲೇ ನಿಂತುಬಿಟ್ಟಳು. ಬೆಳಗಿನಿಂದ ತಾನು ಒಂದು ಗುಟುಕು ನೀರು ಕುಡಿದಿಲ್ಲ. ಇವತ್ತಲ್ಲ, ಯಾವ ಸರ್ವೆಯ ದಿನವೂ ಕುಡಿಯುವುದಿಲ್ಲ. ಕುಯ್ಲಿನ ಹನ್ನೊಂದು ವರ್ಷವೂ ಕುಡಿದಿರಲಿಲ್ಲ. ಬೆಳಿಗ್ಗೆ ಜೀಪು ಹತ್ತುವ ಮುಂಚೆ ಒಂದು ಸಲ, ಸಂಜೆ ಇಳಿದ ಮೇಲೆ ಒಂದು ಸಲ, ನಡುವೆ ಮೈಯನ್ನು ಬಿಗಿದು ಕಟ್ಟಿಟ್ಟ ಹಾಗೆ. ಹೆಂಗಸಿನ ಮೈಗೆ ಅದು ಎಷ್ಟು ರೂಢಿಯಾಗಿ ಹೋಗಿತ್ತೆಂದರೆ, ಯಾರೂ ಅದನ್ನು ಕಷ್ಟ ಅಂತ ಹೆಸರಿಟ್ಟು ಕರೆದಿರಲಿಲ್ಲ. ನೀರು ಹೊರಗೆ ಹಾಕಿಸುವ ಮಾತ್ರೆ ನುಂಗಿ ಲಿಂಗಮ್ಮ ಆ ಕಣದಲ್ಲಿ ಎಲ್ಲಿಗೆ ಹೋಗಬೇಕು? ಉಪ್ಪಿನಕಾಯಿ ಜಾಡಿ ಹೊತ್ತುಕೊಂಡು ಹೋದ ನಾನೆಂಥ ಪೆದ್ದಿ ಅಂತ ಅವಳಿಗೆ ತನ್ನ ತಲೆಗೇ ಮೊಟಕಬೇಕು ಅನ್ನಿಸಿತು.

ಸಂಜೆ ಜೀಪು ಬರುವುದನ್ನೇ ಕಾಯ್ದು ಲಿಂಗಮ್ಮನ ಜಗಲಿಗೆ ಹೋದಳು. "ಲಿಂಗಕ್ಕ, ಕೆಲಸದ ದಿನ ಒಂದಕ್ಕೆ ಎಲ್ಲಿಗೆ ಹೋಗ್ತೀಯ?"

ಲಿಂಗಮ್ಮ ಸೆರಗು ಬಾಯಿಗೆ ಹಿಡಿದಳು. "ಥೂ, ಮೆಲ್ಲಗೆ ಮಾತಾಡೇ. ಸೊಸೆ ಕೇಳಿಸ್ಕೊಂತಾಳೆ."

"ಕೇಳಿಸ್ಕೊಳ್ಲಿ. ಎಲ್ಲಿಗೆ ಹೋಗ್ತೀಯ?"

ಲಿಂಗಮ್ಮ ಒಳಗೆ ಹೋಗಿ ಹಳೇ ಪೌಡರ್ ಡಬ್ಬಿಯೊಂದನ್ನು ತಂದು ಗಂಗಾಮಣಿಯ ಮಡಿಲಿಗೆ ಸುರಿದಳು. ಬಿಳೀ ಮಾತ್ರೆಗಳು. ಇಪ್ಪತ್ತಕ್ಕೂ ಮೇಲೆ.

"ನಿಂಗೆ ಗೊತ್ತಾಗ್ಬಾರ್ದು ಅಂತ ಹಾಳೆಯಿಂದ ಬಿಡಿಸ್ತಿದ್ದೆ. ಬಿಸಾಕಕ್ಕೆ ಮನಸ್ ಬರ್ಲಿಲ್ಲ, ಔಷಧಿ ಅಲ್ವ. ಭಾನುವಾರ ಮಾತ್ರ ನುಂಗಿ, ಕೆಳಗಡೆ ರಸ್ತೆ ಕಕ್ಕಸಿನ ಹತ್ರಾನೇ ಹೊತ್ತು ಕಳೀತೀನಿ. ಅದನ್ನ ನುಂಗಿದ್ರೆ ಅರ್ಧ ಗಂಟೇಲಿ ತಡ್ಕಳಕ್ಕಾಗಲ್ಲ ಕಣೇ. ಕುಯ್ಲಿನವರು ಗಿಡದ ಮರೆಗಾದ್ರೂ ಹೋಗ್ತಾರೆ. ಕಣ ಅಂದ್ರೆ ಅಂಗೈ ಇದ್ದಂಗೆ, ಸುತ್ತ ಗಂಡಸ್ರು. ತೋಟದೊಳಕ್ಕೆ ಇಳಿದ್ರೆ ವಾಪಸ್ ಹತ್ತಕ್ಕೆ ನಂಗೆ ಉಸಿರಿಲ್ಲ. ಆಫೀಸಿನ ಹಿಂದೆ ಒಂದು ಕಕ್ಕಸು ಐತೆ. ಅದು ಬಂಗಲೆಗೆ ಬರೋ ಟೂರಿಸ್ಟ್ ಜನಕ್ಕಂತೆ. ಬೀಗದ ಕೈ ರೈಟರ್ ಸೊಂಟದಲ್ಲಿ."

"ಕೇಳಿದ್ಯಾ?"

"ಗಂಡಸ್ರ ಹತ್ರ ಅದನ್ನ ಹೆಂಗೆ ಕೇಳ್ಲಿ?"

ಗಂಗಾಮಣಿ ಜಗಲಿಯಿಂದಲೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಚೈತ್ರಶ್ರೀ, ಕೆಲಸದಿಂದ ಬಂದ ಮೇಲೆ ನುಂಗಿದರೆ ಆಗುತ್ತದಾ ಅಂತ ಕೇಳಿದರು.

"ಜೀಪ್ ಇಳಿಯೋದೇ ಆರು ಗಂಟೆಗೆ ಮೇಡಮ್. ಈ ಕೇರೀಲಿ ಮನೆಮನೆಗೆ ಕಕ್ಕಸಿಲ್ಲ. ಇರೋದು ಕೆಳಗಡೆ ರಸ್ತೆ ಹತ್ರ. ಒಂದೊಂದ್ ಸಲಕ್ಕೂ ಕತ್ತಲಲ್ಲಿ ಐವತ್ತೆಂಟು ಮೆಟ್ಟಿಲು ಇಳಿದು ಐವತ್ತೆಂಟು ಹತ್ತಬೇಕು. ನೀರು ಹೋಗೋಕಿಂತ ಮುಂಚೆ ಜೀವ ಹೋಗುತ್ತೆ."

"ಕೆಲಸ ಬಿಡಿಸಕ್ಕಾಗುತ್ತಾ?"

ಲಿಂಗಮ್ಮ ಫೋನಿಗೆ ಕೇಳುವ ಹಾಗೆ, "ಬಿಡಲ್ಲ. ಮನೇಲಿ ಕೂತ್ರೆ ಮೂರು ಜೀವಕ್ಕೆ ಯಾರು ಹಾಕ್ತಾರೆ?" ಅಂದಳು.

"ಮಾತ್ರೆಯಂತೂ ಬಿಡೋ ಹಾಗಿಲ್ಲ ಗಂಗಾಮಣಿ," ಅಂದರು ಡಾಕ್ಟರು. "ಹೀಗೇ ಇನ್ನೊಂದು ತಿಂಗಳು ಹೋದ್ರೆ ನೀರು ಶ್ವಾಸಕೋಶಕ್ಕೆ ತುಂಬುತ್ತೆ. ಆಗ ಹಾಸನದವರೆಗೂ ಉಳಿದು ತಲುಪ್ತಾರೆ ಅಂತ ನಾನು ಹೇಳಲಾರೆ."

"ಮಾತ್ರೆನೂ ಬಿಡಲ್ಲ, ಕೆಲಸಾನೂ ಬಿಡಲ್ಲ ಮೇಡಮ್. ಆ ರೈಟರ್ ಸೊಂಟದಿಂದ ಏನು ಬಿಡಿಸಬೇಕೋ ಅದನ್ನ ಬಿಡಿಸ್ತೀನಿ," ಅಂದು ಗಂಗಾಮಣಿ ಫೋನ್ ಇಟ್ಟಳು.

ಮಾರನೇ ದಿನ ಬೆಳಿಗ್ಗೆ ಆಶಾ ಕೆಲಸದ ಗುಲಾಬಿ ಸೀರೆ ಉಟ್ಟು ಜೀಪಿನ ಹತ್ತಿರ ಬಂದು ನಿಂತಳು. ಜೀಪು ಓಡಿಸುವ ಧರ್ಮ ಕಣ್ಣರಳಿಸಿದ.

"ಏನಕ್ಕಾ, ಸರ್ಕಾರ ಕೈ ಬಿಡ್ತಾ? ಕುಯ್ಲಿಗೆ ಹೊರಟುಬುಟ್ಟಿದ್ದೀರ?"

"ನಿನ್ನ ಜೀಪಲ್ಲಿ ಕೂತ್ರೆ ಎಷ್ಟ್ ಜನದ ಹೃದಯ ಬಾಯಿಗೆ ಬರುತ್ತೆ ಅಂತ ನೋಡಕ್ಕೆ ಕಣೋ. ಸರ್ಕೊಳ್ಳೋ."

ಹದಿನೆಂಟು ಹೆಂಗಸರು ಒಬ್ಬರ ಮಂಡಿ ಒಬ್ಬರಿಗೆ ಚುಚ್ಚಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಲಿಂಗಮ್ಮ ಗಂಗಾಮಣಿಯ ತೊಡೆ ಹಿಂಡುತ್ತಲೇ ಇದ್ದಳು. "ಬ್ಯಾಡ್ವೇ ಗಂಗವ್ವ. ನಾಳೆಯಿಂದ ನಂಗೆ ಜೀಪ್ ಹತ್ಲೇಬ್ಯಾಡ ಅಂದ್‌ಬುಟ್ರೆ?"

"ಅಂದ್ರೆ ನೋಡಣ."

ನೇರಳೆಗುಡ್ಡದ ಕಣದಲ್ಲಿ ಹಿಂದಿನ ದಿನದ ಹಣ್ಣು ಕೆಂಪಗೆ ಹರಡಿತ್ತು. ರೈಟರ್ ಮಂಜುನಾಥ್ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುತ್ತಿದ್ದ. ಸೊಂಟದ ಪಟ್ಟಿಯಲ್ಲಿ ಬೀಗದ ಕೈಗಳ ಗೊಂಚಲು. ಗುಲಾಬಿ ಸೀರೆ ನೋಡಿ ಹುಬ್ಬು ಗಂಟು ಹಾಕಿದ.

"ಇಲ್ಲಿ ಯಾರೂ ಬಸುರಿ ಇಲ್ವಲ್ಲ ಮೇಡಮ್ಮೋರೆ?"

"ಹೃದಯ ಬಸುರೀರ್ಗೆ ಮಾತ್ರ ಇರ್ತೈತಾ ರೈಟರೇ? ನಿಮಗೂ ಇರಬೇಕಲ್ಲ." ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಆಫೀಸ್ ಹಿಂದಿನ ಕಕ್ಕಸಿನ ಬೀಗದ ಕೈ ಕೊಡಿ. ಲಿಂಗಕ್ಕನಿಗೆ ಬೇಕು."

"ಅದು ಗೆಸ್ಟುಗಳಿಗೆ. ಲೇಬರ್‌ಗಲ್ಲ. ಸಾಹುಕಾರ್ರು ಹೇಳಬೇಕು."

"ಹಂಗಾದ್ರೆ ಸಾಹುಕಾರ್ರನ್ನೇ ಕರೀರಿ."

ಸಾಹುಕಾರ ಪ್ರತಾಪ್ ತಾವಾಗಿಯೇ ಬಂಗಲೆಯಿಂದ ಇಳಿದು ಬಂದರು. ಕೆಟ್ಟ ಮನುಷ್ಯರಲ್ಲ. ಹಬ್ಬಕ್ಕೆ ಸೀರೆ ಕೊಡುವವರು, ಲಿಂಗಮ್ಮ ಹಾಸನದಲ್ಲಿ ಮಲಗಿದ್ದಾಗ ಹಣ್ಣು ಕಳಿಸಿದವರು. ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು.

"ನೀವು ಹೇಳೋದು ನ್ಯಾಯವಾಗೇ ಐತಮ್ಮ. ಲೇಬರ್‌ಗೆ ಅಂತಲೇ ಒಂದು ಕಟ್ಟಿಸೋ ಪ್ಲಾನ್ ಐತೆ. ಈ ಕುಯ್ಲು ಮುಗೀಲಿ. ಬರೋ ವರ್ಷ ನೋಡಣ. ಒಂದು ಅರ್ಜಿ ಬರ್ದು ಕೊಟ್ಟಿರಿ."

"ಬರೋ ವರ್ಷ ಕಕ್ಕಸು ಇರುತ್ತೆ ಸಾರ್, ಲಿಂಗಕ್ಕ ಇರಲ್ಲ."

ಅಂದವಳೇ ಚೀಲದಿಂದ ಮಾತ್ರೆ ಹಾಳೆ ತೆಗೆದು, ಒಂದು ಮಾತ್ರೆ ಬಿಡಿಸಿ, ನೀರಿನ ಬಾಟಲಿ ಜೊತೆ ಲಿಂಗಮ್ಮನ ಮುಂದೆ ಹಿಡಿದಳು. "ನುಂಗು."

ಲಿಂಗಮ್ಮ ಬೀಗದ ಕೈ ಗೊಂಚಲು ನೋಡಿದಳು. ಸಾಹುಕಾರರ ಬೂಟು ನೋಡಿದಳು. ತನ್ನ ಊದಿದ ಕಾಲು ನೋಡಿಕೊಂಡಳು. ಆಮೇಲೆ ಮಾತ್ರೆ ಬಾಯಿಗೆ ಹಾಕಿ ಗಟಗಟ ನೀರು ಕುಡಿದುಬಿಟ್ಟಳು.

"ಇನ್ನು ಅರ್ಧ ಗಂಟೆ ಸಾರ್," ಅಂದಳು ಗಂಗಾಮಣಿ. "ಆಮೇಲೆ ಅವಳು ಹೋಗಲೇಬೇಕು, ದೇವರು ಬಂದು ಹಿಡ್ಕೊಂಡ್ರೂ ನಿಲ್ಲಲ್ಲ. ಕಕ್ಕಸು ತೆಗೆದ್ರೆ ಅಲ್ಲಿ. ಇಲ್ಲ ಅಂದ್ರೆ ಇಲ್ಲೇ ಕಣದ ಅಂಚಲ್ಲಿ. ನಾನೇ ಸೀರೆ ಅಡ್ಡ ಹಿಡೀತೀನಿ. ಕಾಫಿ ನಿಮ್ದು, ತೀರ್ಮಾನ ನಿಮ್ದು."

ಮಂಜುನಾಥ್ ಕೆಂಪಾದ. "ಇದೇನ್ ದಬ್ಬಾಳಿಕೆ! ಏಯ್, ಎಲ್ಲ ತೋಟಕ್ಕೆ ಇಳೀರಿ! ಹೊತ್ತಾಯ್ತು!"

ಯಾರೂ ಇಳಿಯಲಿಲ್ಲ. ನಾಗರತ್ನಮ್ಮ ಸೊಂಟದ ಚೀಲ ಬಿಚ್ಚಿ ನೆಲಕ್ಕೆ ಹಾಕಿ ಅದರ ಮೇಲೆ ಕೂತಳು. "ಅರ್ಧ ಗಂಟೆ ತಾನೆ ರೈಟರೇ. ಸಿನಿಮಾಕ್ಕೆ ಹೋದ್ರೆ ಕಾಯಲ್ವ?" ಅವಳ ಪಕ್ಕ ಇನ್ನೊಬ್ಬಳು ಕೂತಳು. ಲಿಂಗಮ್ಮನೊಬ್ಬಳನ್ನು ಬಿಟ್ಟು ಎಲ್ಲರೂ ಕೂತರು. ಹಣ್ಣು ಗಿಡದಲ್ಲಿ ಮಾಗಿ ಉದುರುತ್ತಿರುವ ಕಾಲ. ಆಳು ಸಿಕ್ಕದೆ ಸುತ್ತಲಿನ ತೋಟದವರೆಲ್ಲ ಜೀಪು ಹಿಡಿದು ಊರೂರು ಅಲೆಯುತ್ತಿದ್ದ ವಾರ ಅದು. ಆ ಮಾತು ಅಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ.

ಹತ್ತು ನಿಮಿಷ ಆಯಿತು. ಬಂಗಲೆಯ ಕಡೆಯಿಂದ ಕ್ಯಾಮೆರಾ ತೂಗುಹಾಕಿಕೊಂಡ ಇಬ್ಬರು ಅತಿಥಿಗಳು ಕಣ ನೋಡಲು ಬಂದು, ಇದೇನೋ ಇಲ್ಲಿಯ ಪದ್ಧತಿ ಇರಬೇಕು ಅಂತ ತಾವೂ ನಿಂತರು. ಪ್ರತಾಪ್ ಕೈ ಹಿಂದೆ ಕಟ್ಟಿಕೊಂಡು ಅತ್ತಿತ್ತ ಓಡಾಡಿದರು. ಇಪ್ಪತ್ತು ನಿಮಿಷಕ್ಕೆ ಲಿಂಗಮ್ಮ ಕಾಲು ಬದಲಾಯಿಸತೊಡಗಿದಳು. ಇಪ್ಪತ್ತೈದಕ್ಕೆ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿದಳು.

"ಆಯ್ತು ಮಾರಾಯ, ಕೊಡು ಅವಳಿಗೆ," ಅಂದರು ಪ್ರತಾಪ್. "ಪೇಷಂಟು. ಅವಳೊಬ್ಬಳಿಗೆ ಬಿಡು."

ಮಂಜುನಾಥ್ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ, ಮುಟ್ಟಿದರೆ ಮೈಲಿಗೆ ಅನ್ನುವ ಹಾಗೆ ಎರಡು ಬೆರಳಲ್ಲಿ ನೀಡಿದ. ಗಂಗಾಮಣಿ ಕೈ ಚಾಚುವ ಮುಂಚೆ ಲಿಂಗಮ್ಮ ಬಾಯಿ ಬಿಟ್ಟಳು. ನಿನ್ನೆಯವರೆಗೆ ಆ ಮಾತನ್ನು ಸೊಸೆಯ ಮುಂದೂ ಆಡದವಳು, ಇಡೀ ಕಣಕ್ಕೆ ಕೇಳುವ ಹಾಗೆ ಅಂದಳು:

"ನಂಗೊಬ್ಳಿಗೆ ಬ್ಯಾಡ."

"ಲಿಂಗಕ್ಕಾ!" ಗಂಗಾಮಣಿಯೇ ಬೆಚ್ಚಿದಳು.

"ನಂಗೊಬ್ಳಿಗೆ ಬ್ಯಾಡ ಸಾಹುಕಾರ್ರೇ. ನಂಗೆ ಉಚ್ಚೆ ಮಾತ್ರೆಯಿಂದ ಬರ್ತೈತೆ, ಇವ್ರಿಗೆ ಹಂಗೇ ಬರ್ತೈತೆ. ಅಷ್ಟೇ ವ್ಯತ್ಯಾಸ. ಇವ್ರೂ ನನ್ನಂಗೇ ಕಟ್ಕೊಂಡ್ ಕಟ್ಕೊಂಡ್ ಮೈ ಹಾಳ್ ಮಾಡ್ಕೊಂಡ್ ಕೂತವ್ರೆ. ತೆಗೆದ್ರೆ ಎಲ್ಲಾರ್ಗೂ ತೆಗೀರಿ. ಇಲ್ಲ ಅಂದ್ರೆ ಗಂಗವ್ವ, ಸೀರೆ ಹಿಡಿಯೇ! ಬೇಗ!"

ಲಿಂಗಮ್ಮ ನಿಜವಾಗಿಯೂ ಕಣದ ಅಂಚಿನ ಕಡೆ ಎರಡು ಹೆಜ್ಜೆ ಇಟ್ಟಳು. ಗಂಗಾಮಣಿ ನಿಜವಾಗಿಯೂ ಸೆರಗು ಬಿಡಿಸಿದಳು. ಅತಿಥಿಗಳಲ್ಲಿ ಒಬ್ಬರು ಕ್ಯಾಮೆರಾ ಎತ್ತಿದರು.

"ಏ ಮಂಜಾ! ಬಾಗ್ಲು ತೆಗೆಯೋ! ತೆಗೆದು ಹಂಗೇ ಬಿಡೋ!" ಅಂತ ಪ್ರತಾಪ್ ಕೂಗಿದ್ದು ಆಚೆ ಗುಡ್ಡದ ತೋಟಕ್ಕೂ ಕೇಳಿಸಿತಂತೆ.

ಲಿಂಗಮ್ಮ ಓಡಲಿಲ್ಲ, ಅವಳ ಎದೆಗೆ ಓಡುವ ಶಕ್ತಿ ಇರಲಿಲ್ಲ. ಗಂಗಾಮಣಿಯ ಹೆಗಲು ಹಿಡಿದು, ಹಲ್ಲು ಕಚ್ಚಿ, ರೈಟರನ್ನು ದಾಟಿ, ಟೈಲ್ಸ್ ಹಾಕಿದ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ನೋಡನೋಡುತ್ತಲೇ ನಾಗರತ್ನಮ್ಮ, ಅವಳ ಹಿಂದೊಬ್ಬಳು, ಅವಳ ಹಿಂದೊಬ್ಬಳು, ಸಾಲು ಆಫೀಸಿನ ಮೂಲೆ ದಾಟಿ ಕಣದವರೆಗೆ ಬೆಳೆಯಿತು. ಮಂಜುನಾಥ್ ಕೈಗಡಿಯಾರ ನೋಡಿದ.

"ಗಡಿಯಾರ ಯಾಕ್ ನೋಡ್ತೀಯಪ್ಪ," ಅಂದಳು ನಾಗರತ್ನಮ್ಮ. "ಹೋಗಿ ಎರಡು ಬಕೀಟು ನೀರು ತಂದಿಡು."

ಅವನು ತಂದಿಡಲಿಲ್ಲ. ಧರ್ಮ ತಂದಿಟ್ಟ.

ಅದಾದ ಮೇಲೆ ಬಯ್ಗುಳ ಬರದೆ ಇರಲಿಲ್ಲ. ಆಶಾ ಕಾರ್ಯಕರ್ತೆ ಕೂಲಿಯವರನ್ನು ಎತ್ತಿಕಟ್ಟುತ್ತಾಳೆ ಅಂತ ಯಾರೋ ಮೇಲಿನವರಿಗೆ ಬರೆದರು. ಮೇಲಿನವರು ಗಂಗಾಮಣಿಯನ್ನು ಕರೆಸಿ, ಎಸ್ಟೇಟಿನ ಕಕ್ಕಸು ನಿನ್ನ ಕೆಲಸದ ಪಟ್ಟಿಯಲ್ಲಿ ಎಲ್ಲಿದೆ ತೋರಿಸು ಅಂದರು. ಅವಳು ತೂಕದ ಪುಸ್ತಕ ತೆರೆದು ಮುಂದಿಟ್ಟಳು. ಆ ವಾರ ಲಿಂಗಮ್ಮ ಸೋಮವಾರ ನಲವತ್ತೇಳು, ಶನಿವಾರ ನಲವತ್ತೈದೂವರೆ. ಕೆಲಸದ ದಿನಗಳಲ್ಲಿ ಮೊದಲ ಸಲ ಇಳಿದಿತ್ತು. "ಇಲ್ಲೈತೆ ನೋಡಿ ಸಾರ್," ಅಂದಳು. ಅವರು ಪುಸ್ತಕ ಮುಚ್ಚಿ ವಾಪಸ್ ಕೊಟ್ಟರು, ಮೆಚ್ಚಿ ಅಲ್ಲ, ಬೇರೆ ಏನು ಮಾಡಬೇಕೋ ತೋಚದೆ.

ಲಿಂಗಮ್ಮನ ಹೃದಯ ಮೊದಲಿನಂತೆ ಆಗುವುದಿಲ್ಲ. ಡಾಕ್ಟರ್ ಚೈತ್ರಶ್ರೀ ಅದನ್ನು ಮುಚ್ಚಿಡದೆ ಹೇಳಿದ್ದಾರೆ, ಲಿಂಗಮ್ಮನೂ ತಲೆಯಾಡಿಸಿ ಕೇಳಿಸಿಕೊಂಡಿದ್ದಾಳೆ. ಆದರೆ ಕಾಲು ಒತ್ತಿದರೆ ಗುಳಿ ನಿಲ್ಲುವುದಿಲ್ಲ ಈಗ. ಕಣದಲ್ಲಿ ಕೂತು ಕಾಯಿ ಆರಿಸುತ್ತಾಳೆ, ಹೊತ್ತಾದಾಗ ಎದ್ದು ಹೋಗುತ್ತಾಳೆ, ಯಾರನ್ನೂ ಕೇಳುವುದಿಲ್ಲ. ಮೊನ್ನೆ ಸೋಮವಾರ ಹಾಗೇ ಹೋಗಿ ಬಂದವಳು ನೇರ ಮಂಜುನಾಥನ ಮೇಜಿನ ಮುಂದೆ ಬಂದು ನಿಂತಳಂತೆ.

"ಏನ್ ಲಿಂಗಮ್ಮ? ಹುಷಾರಿಲ್ವ?"

"ನಾನ್ ಹುಷಾರಾಗಿವ್ನಿ. ಒಳಗಿನ ಚಿಲಕ ಸಡಿಲ ಆಗೈತೆ. ಮಧ್ಯಾಹ್ನದೊಳಗೆ ಮೊಳೆ ಹೊಡೆಸು."

ಅಂದು, ಉತ್ತರಕ್ಕೆ ಕಾಯದೆ ಕಣಕ್ಕೆ ನಡೆದಳು.